ಕೆಲಸ ಬಿಡುವುದಾ, ಅರ್ಧ ಬಿಡುವುದಾ, ಇಟ್ಟುಕೊಂಡೇ ಇರುವುದಾ? ಕರಾವಳಿಯಲ್ಲಿ ಇಷ್ಟದಂತೆ ಬದುಕಲು ಹೊರಟವರಿಗೆ

ನವೆಂಬರ್ ಶುರುವಾಯಿತೆಂದರೆ ಈ ಪ್ರಶ್ನೆ ಜಾಸ್ತಿ ಬರುತ್ತದೆ. ಮಳೆ ನಿಂತಿರುತ್ತದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು ಹೊರಡುತ್ತಿರುತ್ತದೆ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಇಳಿದಿರುತ್ತವೆ. ದೀಪಾವಳಿ ರಜೆಗೆ ಊರಿಗೆ ಬಂದವರು ಕಾಪು ಬೀಚಿನಲ್ಲಿ ಒಂದು ಸಂಜೆ ಕೂತು, ಬೆಂಗಳೂರಿನ ರಾತ್ರಿ ಬಸ್ಸು ಹತ್ತುವ ಮುಂಚೆ ಕೇಳುತ್ತಾರೆ: "ಕೆಲಸ ಬಿಟ್ಟು ಇಲ್ಲೇ ಇದ್ದುಬಿಡುವ ಅಂತ ಉಂಟು. ಆಗ್ತದಾ?"

ಕೇಳುವವರು ಬೇರೆ ಬೇರೆ. ಒಬ್ಬರಿಗೆ ಕೋಡಿ ಬೆಂಗ್ರೆ ಕಡೆ ಸಣ್ಣ ಮನೆ ಹಿಡಿದು ಚಿತ್ರ ಬಿಡಿಸಬೇಕು. ಇನ್ನೊಬ್ಬರು ಮಂಗಳೂರಿನ ಬ್ಯಾಂಕ್ ಶಾಖೆಯಲ್ಲಿದ್ದಾರೆ, ಆದರೆ ನಾಟಕ ಬಿಟ್ಟು ಬೇರೇನೂ ತಲೆಗೆ ಹೋಗುವುದಿಲ್ಲ. ಮತ್ತೊಬ್ಬರು ಮಣಿಪಾಲದಲ್ಲಿ ಓದು ಮುಗಿಸಿದ್ದಾರೆ, ಕ್ಯಾಂಪಸ್ಸಿನಲ್ಲಿ ಸಿಕ್ಕಿದ ಕೆಲಸಕ್ಕೆ ಸೇರಲು ಮನಸ್ಸಿಲ್ಲ. ಎಲ್ಲರಿಗೂ ಬೇಕಾದದ್ದು ಹೌದು ಅಥವಾ ಇಲ್ಲ ಎಂಬ ಉತ್ತರ. ಆದರೆ ಇಲ್ಲಿ ದಾರಿ ಎರಡೇ ಅಲ್ಲ. ಪೂರ್ತಿ ಬಿಡಬಹುದು. ಆರು ತಿಂಗಳ ಲೆಕ್ಕದಲ್ಲಿ ಬದುಕಬಹುದು. ಅರ್ಧ ಕೆಲಸ ಮಾಡಬಹುದು. ಕೆಲಸ ಇಟ್ಟುಕೊಂಡೇ ಉಳಿದ ಹೊತ್ತಿನಲ್ಲಿ ಬೇಕಾದ್ದನ್ನು ಮಾಡಬಹುದು. ನಾಲ್ಕನ್ನೂ ಒಂದೇ ಅಳತೆಯಲ್ಲಿ ನೋಡುವುದು ಒಳ್ಳೆಯದು.

ಬ್ಯಾಂಕಿನ ಊರು, ಓಡಿಹೋದವರ ಊರು

ನಮ್ಮ ಕಡೆ ಕೆಲಸ ಬಿಟ್ಟರೆ ಅದು ದೊಡ್ಡ ಸುದ್ದಿ. ಕಾರಣ ಇಲ್ಲದಿಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಹುಟ್ಟಿತು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಒಂದೇ ಜಿಲ್ಲೆಯಾಗಿದ್ದ ಈ ನೆಲದಲ್ಲಿ ಐದು ಬ್ಯಾಂಕ್. ಎಷ್ಟೋ ಮನೆಗಳಲ್ಲಿ ಓದಿದ ಮೊದಲ ತಲೆಮಾರು ನೇರ ಬ್ಯಾಂಕಿನ ಕೌಂಟರಿಗೇ ಹೋಯಿತು. 2019 ಮತ್ತು 2020ರ ವಿಲೀನದಲ್ಲಿ ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಎಂಬ ಹೆಸರುಗಳು ಹೋದವು. ಬೋರ್ಡು ಬದಲಾಯಿತು, ಸಂಬಳ ನಿಲ್ಲಲಿಲ್ಲ. ಪರ್ಮನೆಂಟ್ ಕೆಲಸದ ಮೇಲೆ ಹಿರಿಯರಿಗೆ ಇರುವ ನಂಬಿಕೆ ಸುಮ್ನೆ ಬಂದದ್ದಲ್ಲ.

ಅದೇ ನೆಲದಲ್ಲಿ ಮನೆ ಬಿಟ್ಟು ಹೋದವರೂ ಇದ್ದಾರೆ. ಬಂಟ್ವಾಳದ ಮಂಚಿಯ ಬಿ.ವಿ. ಕಾರಂತರು ಹುಡುಗರಾಗಿದ್ದಾಗಲೇ ಓಡಿಹೋಗಿ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದರು. ಕೋಟದ ಶಿವರಾಮ ಕಾರಂತರು ಅಸಹಕಾರ ಚಳವಳಿಯ ಹೊತ್ತಿಗೆ ಕಾಲೇಜು ಬಿಟ್ಟರು. ಉಡುಪಿ ಸಮೀಪದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಚಿತ್ರಕಲೆಗಾಗಿ ಮುಂಬೈಗೆ ಹೋದರು. ಈ ಮೂರು ಹೆಸರು ಹೇಳಿ ರಾಜೀನಾಮೆ ಬರೆಯುವವರು ನಮ್ಮಲ್ಲಿ ಕಡಿಮೆ ಇಲ್ಲ.

ಆದರೆ ಕಥೆಯ ಉಳಿದ ಭಾಗವನ್ನೂ ನೋಡಬೇಕು. ಬಿ.ವಿ. ಕಾರಂತರನ್ನು ಕಾಶಿಗೆ ಓದಲು ಕಳಿಸಿದ್ದು ಆ ನಾಟಕ ಕಂಪನಿಯ ಯಜಮಾನರೇ. ಮುಂದೆ ಅವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಹೆಬ್ಬಾರರು ಕೆಲವು ವರ್ಷ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಪಾಠ ಮಾಡಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಕೂತು ಕಾದಂಬರಿ, ವಿಶ್ವಕೋಶ, ಮಕ್ಕಳ ಶಿಕ್ಷಣ, ಯಕ್ಷಗಾನ ಎಂದು ಮಾಡಿದ ಕೆಲಸ ನೋಡಿದರೆ ಯಾವ ಆಫೀಸೂ ಒಬ್ಬನಿಂದ ಅಷ್ಟು ದುಡಿಸಿಕೊಳ್ಳಲಾರದು. ಅವರು ಬಿಟ್ಟದ್ದು ನೌಕರಿಯನ್ನು, ದುಡಿಮೆಯನ್ನಲ್ಲ.

ಬೊಹೀಮಿಯನ್ ಬದುಕು ಎಂದು ಇಂಗ್ಲಿಷ್ ಪುಸ್ತಕ ಓದಿದವರು ಹೇಳುವುದು 1830-40ರ ಪ್ಯಾರಿಸ್ಸಿನ ಮಾದರಿ. ಲ್ಯಾಟಿನ್ ಕ್ವಾರ್ಟರಿನ ಕಡಿಮೆ ಬಾಡಿಗೆಯ ಕೋಣೆ, ಕವಿಗಳು, ಚಿತ್ರಕಾರರು, ಕೆಫೆ, ಸಾಲ. ಕಥೆಗಳಲ್ಲಿ ಅದು ಚೆಂದ ಕಂಡಿತು. ಕೋಣೆಯಲ್ಲಿ ಬೆಂಕಿ ಹಾಕಲು ಕಟ್ಟಿಗೆ ಇರಲಿಲ್ಲ, ಕ್ಷಯ ಇತ್ತು ಎಂಬುದು ಆ ಕಥೆಗಳಲ್ಲೇ ಇದೆ. ಓದುವವರು ಮಾತ್ರ ಅದನ್ನು ಬೇಗ ದಾಟಿ ಹೋಗುತ್ತಾರೆ. ಅಲ್ಲಿ ಕಷ್ಟ ಕೊಟ್ಟದ್ದು ಚಳಿ. ಇಲ್ಲಿ ಕೊಡುವುದು ಮಳೆ.

ಅಳತೆಗಳು

ಮೊದಲ ಅಳತೆ ಅದೇ: ಮಳೆಗಾಲ ದಾಟುತ್ತದಾ? ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಹೆಚ್ಚು ಕಡಿಮೆ 4,000 ಮಿಲಿಮೀಟರ್ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆಗ ದ್ವೀಪದ ಬೋಟು ಇಲ್ಲ, ಪ್ರವಾಸಿಗರು ಇಲ್ಲ. ಮೇ ಕೊನೆಯ ಪತ್ತನಾಜೆಗೆ, ಅಂದರೆ ತಿರುಗಾಟ ಮುಗಿಯುವ ದಿನಕ್ಕೆ, ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ. ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮದುವೆ ಇಲ್ಲ, ಆದ್ದರಿಂದ ಫೋಟೋ ತೆಗೆಯುವವರಿಗೆ, ಅಲಂಕಾರ ಮಾಡುವವರಿಗೆ, ಅಡುಗೆಯವರಿಗೆ ಕೆಲಸ ಇಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಮೀನಿನ ರೇಟು ಏರುತ್ತದೆ. ಅಂದರೆ ಆದಾಯ ಇಳಿಯುವ ಹೊತ್ತಿಗೇ ಖರ್ಚು ಏರುತ್ತದೆ. ಕ್ಯಾನ್ವಾಸಿಗೆ, ಪುಸ್ತಕಕ್ಕೆ, ಕ್ಯಾಮೆರಾದ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಕರೆಂಟು ಹೋಗುತ್ತದೆ. ಡಿಸೆಂಬರಿನಲ್ಲಿ ಯಾರು ಬೇಕಾದರೂ ಇಲ್ಲಿ ಸ್ವತಂತ್ರವಾಗಿ ಬದುಕಬಹುದು. ಜುಲೈಯಲ್ಲೂ ಆಗುತ್ತದಾ ಎಂಬುದು ಪ್ರಶ್ನೆ.

ಎರಡನೆಯದು ಸ್ವಲ್ಪ ಮುಜುಗರದ್ದು. ಖರ್ಚು ಯಾರ ತಲೆ ಮೇಲೆ ಬೀಳುತ್ತದೆ? ಕೆಲಸ ಬಿಟ್ಟು ಊರಿಗೆ ಬಂದ ಮಗ "ನನಗೆ ತಿಂಗಳಿಗೆ ಐದು ಸಾವಿರ ಸಾಕು" ಎನ್ನುತ್ತಾನೆ. ಮನೆ ಅಪ್ಪನದ್ದು. ಅಕ್ಕಿ ಗದ್ದೆಯದ್ದು ಅಥವಾ ಸೊಸೈಟಿಯದ್ದು. ಅಡುಗೆ ಅಮ್ಮ ಮಾಡುತ್ತಾರೆ. ಕರೆಂಟ್ ಬಿಲ್ಲು ಅಕ್ಕನ ಫೋನಿನಿಂದ ಹೋಗುತ್ತದೆ. ಒಂದು ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಅಮ್ಮನ ಬೀಡಿಯ ದುಡ್ಡು, ಅಣ್ಣನ ಗಲ್ಫ್ ದುಡ್ಡು ಮನೆಯ ಕಲಾವಿದನನ್ನು ಸಾಕಿದ್ದುಂಟು. ಇದರಲ್ಲಿ ನಾಚಿಕೆ ಏನೂ ಇಲ್ಲ, ಮನೆಯವರು ಒಪ್ಪಿದ್ದರೆ. ಆದರೆ ಲೆಕ್ಕದಲ್ಲಿ ಅದು ಕಾಣಬೇಕು. ನೀವು ಕೊಡದ ಬಾಡಿಗೆಯನ್ನೂ ಬರೆದುಕೊಳ್ಳಿ. ನೀವು ಬೇಯಿಸದ ಅನ್ನವನ್ನೂ ಬರೆದುಕೊಳ್ಳಿ. ಆಮೇಲೆ ಅವರ ಹತ್ತಿರ ಬಾಯಿಬಿಟ್ಟು ಕೇಳಿ, ಎಷ್ಟು ವರ್ಷ ಆಗುತ್ತದೆ ಎಂದು. ಕೇಳದೇ ಬಿಟ್ಟ ಮನೆಗಳಲ್ಲಿ ಮೂರನೇ ವರ್ಷ ಊಟದ ಹೊತ್ತಿಗೆ ಜಗಳ ಶುರುವಾಗುತ್ತದೆ.

ಮೂರನೆಯದು ಸಮಯ. ಕೆಲಸ ಬಿಟ್ಟರೆ ಎಂಟು ಗಂಟೆ ಸಿಗುತ್ತದೆ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಅದರಲ್ಲಿ ನಿಮ್ಮ ಕೈಗೆ ಎಷ್ಟು ಬರುತ್ತದೆ ಎಂಬುದನ್ನು ಕೆಳಗೆ ನೋಡುವ.

ನಾಲ್ಕನೆಯದು ಆಸ್ಪತ್ರೆ. ಕಂಪನಿ ಮಾಡಿಸಿದ ಗುಂಪು ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30% ಮಾತ್ರ, ಅದೂ 1.5 ಲಕ್ಷದ ಮಿತಿಯೊಳಗೆ. ಮಣಿಪಾಲ ಆರೋಗ್ಯ ಕಾರ್ಡ್ ಇದೆಯಲ್ಲ ಎನ್ನುವವರಿದ್ದಾರೆ. ಅದು ರಿಯಾಯಿತಿ ಕಾರ್ಡ್, ವಿಮೆ ಅಲ್ಲ. ಕಾರ್ಡ್ ಮಾಡಿಸಿಕೊಳ್ಳಿ, ಆದರೆ ಅದನ್ನೇ ನೆಚ್ಚಿ ಕೂರಬೇಡಿ.

ಐದನೆಯದು ವಾಪಸ್ ಬರುವ ಬಾಗಿಲು. ಬ್ಯಾಂಕ್ ಪರೀಕ್ಷೆಗೆ ಸಾಮಾನ್ಯ ವರ್ಗದಲ್ಲಿ ಕ್ಲರ್ಕ್‌ಗೆ 28, ಪ್ರೊಬೇಷನರಿ ಆಫೀಸರ್‌ಗೆ 30 ವಯಸ್ಸಿನ ಮಿತಿ. ಆ ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ. ನರ್ಸಿಂಗ್, ಅಕೌಂಟ್ಸ್, ಖಾಸಗಿ ಶಾಲೆಯ ಪಾಠ, ಇವುಗಳ ಬಾಗಿಲು ಅರ್ಧ ತೆರೆದೇ ಇರುತ್ತದೆ. ಸಾಫ್ಟ್‌ವೇರಿನಲ್ಲಿ ಒಂದು ವರ್ಷದ ಬಿಡುವನ್ನು ಹೇಗಾದರೂ ವಿವರಿಸಬಹುದು, ನಾಲ್ಕು ವರ್ಷ ಕಷ್ಟ.

ನಾಲ್ಕು ಜನ ಏನೆನ್ನುತ್ತಾರೆ ಎಂಬುದನ್ನು ನಾನು ಅಳತೆಗೆ ಸೇರಿಸಿಲ್ಲ. ಜನ ಒಂದು ವರ್ಷ ಕೇಳುತ್ತಾರೆ, ಆಮೇಲೆ ಬೇರೆ ಯಾರದೋ ವಿಷಯ ಸಿಗುತ್ತದೆ. ಆದರೆ ಮದುವೆಯ ಮಾತು ನಡೆಯುತ್ತಿದ್ದರೆ, ಅಥವಾ ನೀವು ಹೆಣ್ಣಾಗಿದ್ದರೆ, ಲೆಕ್ಕ ಬೇರೆ. ಅದಕ್ಕೆ ಮುಂದೆ ಬರುತ್ತೇನೆ.

ಪೂರ್ತಿ ಬಿಡುವುದು

ಇದರ ಸೆಳೆತ ಸುಳ್ಳಲ್ಲ. ಬೆಳಿಗ್ಗೆ ಎದ್ದು ಮೊದಲ ಕೆಲಸವೇ ನಿಮ್ಮ ಕೆಲಸ ಎಂಬ ಸುಖ ದೊಡ್ಡದು. ಒಂದು ಕಾದಂಬರಿಯನ್ನೋ ಒಂದು ಚಿತ್ರಸರಣಿಯನ್ನೋ ಆರು ತಿಂಗಳು ಬಿಡದೆ ತಲೆಯಲ್ಲಿ ಇಟ್ಟುಕೊಳ್ಳುವುದು ಸಂಜೆ ಏಳರ ಮೇಲೆ ಮಾತ್ರ ಕೂರುವವರಿಗೆ ಸಾಧ್ಯವಾಗುವುದಿಲ್ಲ. ಪುರಭವನದಲ್ಲಿ ನಾಟಕ ಇದ್ದರೆ ಹೋಗಬಹುದು. ಕಟೀಲು ಮೇಳದ ಆಟ ಯಾವುದೋ ಗದ್ದೆಯಲ್ಲಿ ಇದ್ದರೆ ಬೆಳಗಿನವರೆಗೆ ಕೂರಬಹುದು, ಮರುದಿನ ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಹೊಟ್ಟೆಯ ಭಯವೂ ಇಲ್ಲಿ ಕಡಿಮೆ. ಉಡುಪಿ ಮಠದಲ್ಲಿ, ಕಟೀಲಿನಲ್ಲಿ, ಧರ್ಮಸ್ಥಳದಲ್ಲಿ ಊಟ ಹಾಕುತ್ತಾರೆ. ಹಸಿವಿನಿಂದ ಸಾಯುವ ಊರಲ್ಲ ಇದು.

ಈಗ ದುಡ್ಡು. ಒಬ್ಬರೇ ಇದ್ದೀರಿ, ಉಡುಪಿಯ ಹೊರಗೆ ಸಣ್ಣ ಬಾಡಿಗೆ ಮನೆ, ಒಂದು ಸ್ಕೂಟರ್, ಅಡುಗೆ ನೀವೇ ಮಾಡುತ್ತೀರಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 20,000 ಹಿಡಿದರೆ ವರ್ಷಕ್ಕೆ 2,40,000. ವಿಮೆ, ಸ್ಕೂಟರ್ ರಿಪೇರಿ, ಕೆಟ್ಟುಹೋಗುವ ಲ್ಯಾಪ್‌ಟಾಪ್, ಮದುವೆ ಮುಂಜಿಗಳ ಕವರು, ಇದಕ್ಕೆಲ್ಲ ಇನ್ನೊಂದು 60,000. ವರ್ಷಕ್ಕೆ 3 ಲಕ್ಷ. ಎರಡು ಮಳೆಗಾಲ ದಾಟುವಷ್ಟು, ಅಂದರೆ 6 ಲಕ್ಷ ಕೈಯಲ್ಲಿ ಇಲ್ಲದೆ ಪೂರ್ತಿ ಬಿಡಬೇಡಿ ಎಂಬುದು ನನ್ನ ಅಭಿಪ್ರಾಯ. ಒಂದೇ ಮಳೆಗಾಲ ಯಾಕೆ ಸಾಲುವುದಿಲ್ಲ? ಮೊದಲನೆಯದರಲ್ಲಿ ಹುಮ್ಮಸ್ಸು ಇರುತ್ತದೆ, ಕೊಳೆತ ಗೋಡೆಯೂ ಚೆಂದ ಕಾಣುತ್ತದೆ. ಎರಡನೆಯದರಲ್ಲಿ ನಿಜ ಗೊತ್ತಾಗುತ್ತದೆ. ಮನೆಯಲ್ಲೇ ಇರುವವರಿಗೆ ಕಡಿಮೆ ಸಾಕು. ಆದರೆ ಎರಡನೆಯ ಅಳತೆ ನೆನಪಿರಲಿ.

ಸಮಯದ ವಿಷಯಕ್ಕೆ ಬರುವ. ಕೆಲಸ ಬಿಟ್ಟ ಸುದ್ದಿ ಊರಿಗೆ ಹಬ್ಬಲು ಒಂದು ವಾರ ಸಾಕು. ಆಮೇಲೆ ನೀವು ಎಲ್ಲರ ಆಸ್ತಿ. "ಹೇಗೂ ಫ್ರೀ ಇದ್ದೀಯಲ್ಲ ಮಾರಾಯ, ಅತ್ತೆಯನ್ನು ಸ್ವಲ್ಪ ಮಣಿಪಾಲಕ್ಕೆ ಕರ್ಕೊಂಡು ಹೋಗು." ಗ್ಯಾಸ್ ಸಿಲಿಂಡರ್ ಬರುವಾಗ ಮನೆಯಲ್ಲಿ ಇರಬೇಕಾದವರು ನೀವು. ದೇವಸ್ಥಾನದ ಬ್ರಹ್ಮಕಲಶ ಬಂದರೆ ಮುಗಿಯಿತು. ಆಮಂತ್ರಣ ಹಂಚುವುದು, ಸ್ಮರಣ ಸಂಚಿಕೆ ತಿದ್ದುವುದು, ವೇದಿಕೆಯ ನಿರೂಪಣೆ, ಎಲ್ಲ ನಿಮ್ಮ ಮೇಲೆ. ಬರೆಯಲು ಕೆಲಸ ಬಿಟ್ಟವರು ಊರಿನ ಸಮಿತಿಗಳ ಕಾರ್ಯದರ್ಶಿಗಳಾಗಿ ಉಳಿದದ್ದನ್ನು ಎಷ್ಟೋ ಕಡೆ ನೋಡಿದ್ದೇನೆ. ಆಫೀಸಿನ ಒಂದು ಉಪಕಾರ ಎಂದರೆ ಅದು ನಿಮಗೆ "ಆಗುವುದಿಲ್ಲ" ಎನ್ನಲು ಒಂದು ಕಾರಣ ಕೊಡುತ್ತದೆ. ಅದು ಹೋದ ಮೇಲೆ ನೀವೇ ಬಾಯಿಬಿಟ್ಟು ಹೇಳಬೇಕು. ಅಷ್ಟು ಗಟ್ಟಿ ಮನಸ್ಸು ಇದೆಯಾ?

ಇನ್ನೊಂದು ಸಂಜೆಯ ಕೂಟ. ಕಲೆಯ ಬಗ್ಗೆ ಮಾತಾಡುವುದು ಕಲೆ ಮಾಡಿದಷ್ಟೇ ಖುಷಿ ಕೊಡುತ್ತದೆ, ಶ್ರಮ ಮಾತ್ರ ಇಲ್ಲ. ಜೊತೆಗೆ ಬಾಟಲಿ ಇದ್ದರೆ ಇನ್ನೂ ಸುಲಭ. ಈ ದಾರಿಯಲ್ಲಿ ಬಿದ್ದವರಲ್ಲಿ ದುಡ್ಡಿಲ್ಲದೆ ಬಿದ್ದವರಿಗಿಂತ ಸಂಜೆಗಳಲ್ಲಿ ಕರಗಿಹೋದವರೇ ಜಾಸ್ತಿ ಎಂದು ನನಗೆ ಅನ್ನಿಸುತ್ತದೆ.

ಯಾರಿಗೆ ಆಗಬಹುದು? ಸಾಲ ಇಲ್ಲದವರಿಗೆ, ಎರಡು ಮಳೆಗಾಲದ ದುಡ್ಡು ಇರುವವರಿಗೆ. ಅದಕ್ಕಿಂತ ಮುಖ್ಯವಾಗಿ, ಮುಗಿಸಬೇಕಾದ ಒಂದು ನಿರ್ದಿಷ್ಟ ಕೆಲಸ ಕೈಯಲ್ಲಿ ಇರುವವರಿಗೆ. "ಏನಾದರೂ ಮಾಡಬೇಕು" ಎನ್ನುವವರಿಗೆ ಇದು ಬೇಡ.

ಆರು ತಿಂಗಳ ಲೆಕ್ಕ

ಕರಾವಳಿಯಲ್ಲಿ ಇದು ಹೊಸದೇನಲ್ಲ. ಯಕ್ಷಗಾನದ ವೃತ್ತಿ ಕಲಾವಿದರು ತಲೆಮಾರುಗಳಿಂದ ಹೀಗೇ ಬದುಕಿದ್ದಾರೆ. ನವೆಂಬರ್ ಸುಮಾರಿಗೆ ಮೇಳ ಹೊರಡುತ್ತದೆ, ಮೇ ಕೊನೆಯ ವಾರ ಪತ್ತನಾಜೆಗೆ ತಿರುಗಾಟ ಮುಗಿಯುತ್ತದೆ. ಮಳೆಗಾಲದಲ್ಲಿ ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಮನೆ ಮನೆಗೆ ಹೋಗುತ್ತಾರೆ, ಕೆಲವರು ಮುಂಬೈ ಕಡೆ ಹೋಗುತ್ತಾರೆ, ಕೆಲವರು ಗದ್ದೆಗೆ ಇಳಿಯುತ್ತಾರೆ.

ಹೊರಗಿನಿಂದ ನೋಡುವವರಿಗೆ ಇದು ಹಕ್ಕಿಯ ಬದುಕು. ಒಳಗೆ ಹೋದರೆ ಆಫೀಸಿಗಿಂತ ಬಿಗಿ. ಹೊತ್ತಿಗೆ ಸರಿಯಾಗಿ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಇರಬೇಕು. ವೇಷ ಯಾವುದು ಎಂದು ನೀವು ಹೇಳುವುದಲ್ಲ, ಭಾಗವತರು ಮತ್ತು ಮೇಳದವರು ಹೇಳುವುದು. ಹರಕೆಯ ಆಟಗಳ ಮೇಳವಾದರೆ ರಜೆ ಎಂಬ ಮಾತಿಲ್ಲ. ಯಜಮಾನರಿಂದ ಮುಂಗಡ ತೆಗೆದುಕೊಂಡಿದ್ದರೆ ಮುಂದಿನ ತಿರುಗಾಟಕ್ಕೂ ಅಲ್ಲೇ. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಲ್ಯಾಪ್‌ಟಾಪ್ ಮುಚ್ಚಿಟ್ಟು ವೇಷ ಕಟ್ಟುವೆ ಎಂದರೆ ಮೊದಲು ಹೆಜ್ಜೆ ಕಲಿಯಬೇಕು, ಸಣ್ಣ ವೇಷಗಳಿಂದ ಶುರು ಮಾಡಬೇಕು. ಈ ದಾರಿ ನಿಮ್ಮದಾಗಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಇದರಿಂದ ಕಲಿಯುವುದು ಉಂಟು: ಸೀಸನ್ ಇರುವಾಗ ಪೂರ್ತಿ ದುಡಿ, ಇಲ್ಲದಾಗ ಏನು ಮಾಡುವುದೆಂದು ಮೊದಲೇ ಗೊತ್ತು ಮಾಡಿಕೋ.

ಹೊಸಬರು ಹಿಡಿಯುವ ಸೀಸನ್ ಕೆಲಸಗಳು ಬೇರೆ. ಮೂಲ್ಕಿ ಕಡೆ ಸರ್ಫಿಂಗ್ ಕಲಿಸುವುದು, ಹೂಡೆ-ಬೆಂಗ್ರೆ ಕಡೆ ಹೋಂಸ್ಟೇ, ಕಯಾಕಿಂಗ್, ಮದುವೆ ಫೋಟೋ. ಅಕ್ಟೋಬರಿನಿಂದ ಮೇ ತನಕ ಕೈತುಂಬ ಕೆಲಸ. ಇಲ್ಲಿ ಒಂದು ಮಾತು. ಕಡಲ ತಡಿಯಲ್ಲಿ ಜಾಗ ಇದೆ, ನಾಲ್ಕು ಕೋಣೆ ಕಟ್ಟುತ್ತೇನೆ ಎನ್ನುವವರು ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಿಯಮ ಓದಿಕೊಂಡೇ ಕಲ್ಲು ತರಿಸಬೇಕು. ಉಬ್ಬರದ ಗೆರೆಯಿಂದ ಎಷ್ಟು ದೂರ ಎಂಬುದರ ಮೇಲೆ ಎಲ್ಲ ನಿಂತಿದೆ. "ಪಕ್ಕದವರು ಕಟ್ಟಿದ್ದಾರಲ್ಲ" ಎಂಬುದು ಪರವಾನಗಿ ಅಲ್ಲ.

ಅಳತೆಗೆ ಹಿಡಿದರೆ: ಸಮಯ ಚೆನ್ನಾಗಿ ಸಿಗುತ್ತದೆ, ಅದೂ ಒಟ್ಟಿಗೆ ನಾಲ್ಕು ತಿಂಗಳು. ಮಳೆಯಲ್ಲಿ ಬರೆಯುವವರಿಗೆ, ಅನುವಾದ ಮಾಡುವವರಿಗೆ, ಸಂಗೀತ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ. ಆದರೆ ನಿಮ್ಮ ಕಲೆಗೂ ಬಿಸಿಲು, ಜನ, ವೇದಿಕೆ ಬೇಕಾಗಿದ್ದರೆ ಕಷ್ಟ. ದುಡಿಮೆಯ ಸೀಸನ್ನೂ ಕಲೆಯ ಸೀಸನ್ನೂ ಒಂದೇ ಆಗುತ್ತದೆ. ಮದುವೆ ಫೋಟೋ ತೆಗೆಯುತ್ತ ನಾಟಕದ ತಾಲೀಮಿಗೆ ಬರಲಾಗದವರು ಬೇಕಾದಷ್ಟಿದ್ದಾರೆ.

ಅರ್ಧ ಕೆಲಸ

ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗುವುದು, ವಾರಕ್ಕೆ ಮೂರು ದಿನ ಅಕೌಂಟ್ಸ್ ನೋಡುವುದು, ಮನೆಯಿಂದಲೇ ವಿನ್ಯಾಸ, ಅನುವಾದ, ಕೋಡಿಂಗ್. ಹೆಚ್ಚಿನವರಿಗೆ ನಾನು ಸೂಚಿಸುವುದು ಇದನ್ನೇ. ನೋಡಲು ಅಷ್ಟೇನೂ ಮಿಂಚು ಇಲ್ಲ. ಬೀಚಿನಲ್ಲಿ ಕೂತ ಫೋಟೋ ಹಾಕಿದರೂ ಕೆಳಗೆ ಇನ್‌ವಾಯ್ಸ್ ಕಳಿಸುವುದು ಬಾಕಿ ಇರುತ್ತದೆ.

ಇದರ ದೊಡ್ಡ ತೊಂದರೆ ಅರ್ಧ ಕೆಲಸ ಅರ್ಧದಲ್ಲಿ ನಿಲ್ಲದಿರುವುದು. ಸಂಬಳ ಅರ್ಧ, ಫೋನ್ ಕರೆ ಪೂರ್ತಿ. ಅತಿಥಿ ಉಪನ್ಯಾಸಕರಿಗೆ ತರಗತಿ ಇಲ್ಲದ ತಿಂಗಳುಗಳಲ್ಲಿ ಸಂಬಳವೂ ಇಲ್ಲ. ಮನೆಯಿಂದ ದುಡಿಯುವವರಿಗೆ ದುಡ್ಡು ಬರುವುದೇ ತಡ. ಇದಕ್ಕೆ ಒಂದು ಮದ್ದು ಉಂಟು, ಹೆಚ್ಚಿನವರು ಬಳಸುವುದಿಲ್ಲ. ಉದ್ಯಮ್ ನೋಂದಣಿ ಮಾಡಿಸಿಕೊಂಡರೆ ಸಣ್ಣ ಉದ್ದಿಮೆಗಳ ಕಾನೂನಿನ ಪ್ರಕಾರ ಗಿರಾಕಿ 45 ದಿನದೊಳಗೆ ದುಡ್ಡು ಕೊಡಬೇಕು. ಇನ್‌ವಾಯ್ಸಿನ ಕೆಳಗೆ ನೋಂದಣಿ ಸಂಖ್ಯೆ ಹಾಕಿದರೆ ದೊಡ್ಡ ಕಂಪನಿಗಳು ಸ್ವಲ್ಪ ಬೇಗ ಎಚ್ಚರಾಗುತ್ತವೆ. ವೃತ್ತಿಯ ಶುಲ್ಕದಲ್ಲಿ ಸಾಮಾನ್ಯವಾಗಿ 10% ಟಿಡಿಎಸ್ (ಕೊಡುವಾಗಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿದುಕೊಳ್ಳುತ್ತಾರೆ. ರಿಟರ್ನ್ ಸಲ್ಲಿಸಿದರೆ ಎಷ್ಟೋ ಸಲ ಅದು ವಾಪಸ್ ಬರುತ್ತದೆ. ರಿಟರ್ನ್ ಸಲ್ಲಿಸಲು ಇನ್ನೊಂದು ಕಾರಣವೂ ಇದೆ: ಸಂಬಳದ ಚೀಟಿ ಇಲ್ಲದವರಿಗೆ ಬ್ಯಾಂಕು ಸಾಲ ಕೊಡುವಾಗ ಕೇಳುವುದು ಅದನ್ನೇ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವ ತನಕ ಜಿಎಸ್‌ಟಿ ತಲೆನೋವು ಸಾಮಾನ್ಯವಾಗಿ ಇರುವುದಿಲ್ಲ.

ಮಳೆಗಾಲದ ಅಳತೆಯಲ್ಲಿ ಇದು ಗೆಲ್ಲುತ್ತದೆ, ಒಂದು ಇನ್ವರ್ಟರ್ ಮತ್ತು ಎರಡು ಬೇರೆ ಬೇರೆ ಕಂಪನಿಯ ಇಂಟರ್ನೆಟ್ ಇದ್ದರೆ. ಖರ್ಚು ನಿಮ್ಮದೇ ತಲೆ ಮೇಲೆ ಇರುತ್ತದೆ, ಮನೆಯವರ ಮುಖ ನೋಡಬೇಕಿಲ್ಲ. ವಾಪಸ್ ಹೋಗುವ ಬಾಗಿಲೂ ತೆರೆದಿರುತ್ತದೆ. ಸಮಯ ಮಾತ್ರ ನೀವು ಬೇಲಿ ಹಾಕಿದಷ್ಟೇ. ಬೆಳಿಗ್ಗೆ ಹತ್ತರ ತನಕ ಫೋನ್ ಮುಟ್ಟುವುದಿಲ್ಲ ಎಂದು ಗಿರಾಕಿಗೆ ಮೊದಲ ದಿನವೇ ಹೇಳಿ. ಆರನೇ ತಿಂಗಳಲ್ಲಿ ಹೇಳಿದರೆ ಕೇಳುವುದಿಲ್ಲ.

ಕೆಲಸ ಇಟ್ಟುಕೊಂಡೇ

ಇದನ್ನು ಹೇಡಿಗಳ ದಾರಿ ಎನ್ನುವವರಿಗೆ ನಮ್ಮೂರಿನ ಸಾಹಿತ್ಯ ಗೊತ್ತಿಲ್ಲ. ನಂದಳಿಕೆಯ ಮುದ್ದಣ ಉಡುಪಿಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದರು. ಹಗಲು ಹುಡುಗರಿಗೆ ಕವಾಯತು, ಬರೆದದ್ದು ಅದರ ನಡುವೆ. 1901ರಲ್ಲಿ, 31ರ ವಯಸ್ಸಿಗೇ ತೀರಿಕೊಂಡರು. ಪಂಜೆ ಮಂಗೇಶರಾಯರು ಶಾಲಾ ಇನ್‌ಸ್ಪೆಕ್ಟರ್. ಮೊಗೇರಿಯ ಗೋಪಾಲಕೃಷ್ಣ ಅಡಿಗರು ಮೇಷ್ಟ್ರು, ಪ್ರಿನ್ಸಿಪಾಲ್. ಎಲ್ಲರೂ ಸಂಬಳ ಎಣಿಸಿದವರೇ.

ತಾಳಮದ್ದಲೆಯ ಕೂಟಗಳಿಗೆ, ಅಂದರೆ ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಹೋಗಿ ನೋಡಿ. ಅರ್ಥ ಹೇಳುವವರಲ್ಲಿ ಮೇಷ್ಟ್ರುಗಳು, ವಕೀಲರು, ಬ್ಯಾಂಕಿನವರು ಎಷ್ಟು ಜನ! ಆಟ ಇಲ್ಲದ ಮಳೆಗಾಲವೇ ಇವರ ಸೀಸನ್. ದೇವಸ್ಥಾನದ ಪೌಳಿಯಲ್ಲೋ ಸಭಾಭವನದಲ್ಲೋ ಕೂತು, ಹೊರಗೆ ಮಳೆ ಹೊಯ್ಯುತ್ತಿದ್ದರೆ ಒಳಗೆ ಕೃಷ್ಣಸಂಧಾನ. ಈಗ ಅನೇಕ ಆಟಗಳೂ ಕಾಲಮಿತಿಯವು, ನಡುರಾತ್ರಿಯ ಹೊತ್ತಿಗೆ ಮುಗಿಯುತ್ತವೆ. ಮರುದಿನ ಕೌಂಟರಿನಲ್ಲಿ ಕೂರುವವರಿಗೆ ಇದು ದೊಡ್ಡ ಉಪಕಾರ.

ಬೆಲೆ ಏನು? ಬಡ್ತಿ. ಬಡ್ತಿ ಬಂದರೆ ವರ್ಗ ಬರುತ್ತದೆ, ವರ್ಗ ಬಂದರೆ ಬಿಹಾರವೋ ಒಡಿಶಾವೋ. ಬೇಡ ಎಂದು ಬರೆದುಕೊಟ್ಟು ಊರಲ್ಲೇ ಉಳಿದವರು, ತಮ್ಮ ಜೂನಿಯರುಗಳು ಮ್ಯಾನೇಜರ್ ಆಗುವುದನ್ನು ನೋಡುತ್ತ ವೇಷ ಕಟ್ಟಿದವರು ನಮ್ಮಲ್ಲಿದ್ದಾರೆ. ಇದೂ ನೌಕರಿಯ ರೂಢಿಯನ್ನು ಒಪ್ಪದಿರುವ ಒಂದು ಬಗೆಯೇ, ಸದ್ದಿಲ್ಲದ್ದು. ಇನ್ನೊಂದು ಬೆಲೆ ನಿದ್ದೆ. ಮೂರನೆಯದು ಮನೆಯವರು. ಆಫೀಸಿಗೂ ಕಲೆಗೂ ಸಮಯ ಕೊಟ್ಟ ಮೇಲೆ ಮಕ್ಕಳ ಹೋಂವರ್ಕ್ ಯಾರು ನೋಡುತ್ತಾರೆ? ಸಾಮಾನ್ಯವಾಗಿ ಹೆಂಡತಿ. ಅವರಿಗೂ ಒಂದು ಆಸೆ ಇರಬಹುದು, ಅಲ್ವಾ?

ಗೃಹಸಾಲ ಇರುವವರಿಗೆ, ಸಣ್ಣ ಮಕ್ಕಳಿರುವವರಿಗೆ, ನಿಮ್ಮ ಕಲೆ ಗುಂಪಿನದ್ದಾಗಿದ್ದು ಸಂಜೆಯೇ ನಡೆಯುವಂಥದ್ದಾದರೆ, ಈ ದಾರಿ. ಉದ್ದದ ಬರಹಕ್ಕೆ, ದೊಡ್ಡ ಚಿತ್ರಗಳಿಗೆ ಇದು ನಿಧಾನ.

ತೋಟಕ್ಕೆ ಮರಳುವುದನ್ನು ಕೆಲವರು ಇದೇ ಪಟ್ಟಿಗೆ ಸೇರಿಸುತ್ತಾರೆ. ಅಡಿಕೆ ತೋಟ ಬಿಡುವು ಕೊಡುವ ಕೆಲಸವಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಮರ ಹತ್ತುವವರು ಸಿಗಬೇಕು, ಹೊಸ ಗಿಡ ಫಲ ಕೊಡಲು ಐದಾರು ವರ್ಷ ಕಾಯಬೇಕು. ಅದು ಇನ್ನೊಂದು ಉದ್ಯೋಗ. ಅದರ ಲೆಕ್ಕ ಬೇರೆಯೇ ಹಾಕಬೇಕು.

ಹೆಣ್ಣುಮಕ್ಕಳಿಗೆ

ಗಂಡು ಕೆಲಸ ಬಿಟ್ಟು ತಿರುಗಿದರೆ "ಸ್ವಲ್ಪ ಬೇರೆ ಥರದವ" ಎನ್ನುತ್ತಾರೆ. ಹೆಣ್ಣು ಬಿಟ್ಟರೆ ಎರಡು ಸಾಧ್ಯತೆ. ಒಂದೋ ಮದುವೆಗೆ ಬಿಟ್ಟಿದ್ದಾಳೆ ಎಂದು ಯಾರಿಗೂ ಆಶ್ಚರ್ಯ ಇಲ್ಲ, ಅಥವಾ ಒಬ್ಬಳೇ ಇರಲು ಬಿಟ್ಟಿದ್ದಾಳೆ ಎಂದು ಬಾಡಿಗೆಗೆ ಮನೆಯೇ ಸಿಗುವುದಿಲ್ಲ. ಮನೆಯಲ್ಲಿದ್ದರೆ "ಫ್ರೀ ಇದ್ದೀಯಲ್ಲ" ಎಂಬ ಮಾತು ಗಂಡಿಗಿಂತ ಹತ್ತು ಪಟ್ಟು. ಅಡುಗೆ, ಅಜ್ಜಿಯ ಮದ್ದು, ನೆಂಟರು. ರಾತ್ರಿ ಆಟ ಮುಗಿಸಿ ಬರಲು ಬಸ್ಸಿಲ್ಲ. ಆದ್ದರಿಂದ ಸಲಹೆಯೂ ಬೇರೆ. ಪೂರ್ತಿ ಬಿಡುವುದಾದರೆ ತವರಿನಲ್ಲೋ ಅತ್ತೆಮನೆಯಲ್ಲೋ ಕೂತು ಬಿಡಬೇಡಿ. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಹೊರಗೆ ಎಲ್ಲಾದರೂ, ಮೊದಲು ಮಾಡಿಕೊಳ್ಳಿ. ಮಂಗಳೂರು, ಮಣಿಪಾಲದಲ್ಲಿ ಸಿಗುತ್ತದೆ, ವಿದ್ಯಾರ್ಥಿಗಳಿರುವ ಕಡೆ ಮನೆ ಮಾಲೀಕರ ಪ್ರಶ್ನೆಯೂ ಕಡಿಮೆ. ಬಾಡಿಗೆ ಜಾಸ್ತಿ, ಹೌದು. ಅರ್ಧ ಕೆಲಸದ ದುಡ್ಡು ಬಹುಪಾಲು ಅದಕ್ಕೇ ಹೋದರೂ ಪರವಾಗಿಲ್ಲ ಎನ್ನುವೆ. ಸ್ವಂತ ಸಂಪಾದನೆ ನಿಂತರೆ ಮನೆಯಲ್ಲಿ ನಿಮ್ಮ ಮಾತಿಗೆ ಇರುವ ತೂಕ ಇಳಿಯುವುದು ಗಂಡಸರಿಗಿಂತ ಬೇಗ.

ರಾಜೀನಾಮೆ ಬರೆಯುವ ಮುಂಚೆ

24ರ ವಯಸ್ಸು, ಸಾಲ ಇಲ್ಲ, ಮನೆಯವರು ನಿಮ್ಮನ್ನು ನೆಚ್ಚಿಕೊಂಡಿಲ್ಲ ಎಂದಾದರೆ ಪೂರ್ತಿ ಬಿಟ್ಟು ನೋಡಲು ಇದಕ್ಕಿಂತ ಒಳ್ಳೆಯ ವಯಸ್ಸಿಲ್ಲ. ಬ್ಯಾಂಕ್ ಪರೀಕ್ಷೆಯ ಬಾಗಿಲು ಮುಚ್ಚಲೂ ಇನ್ನೂ ನಾಲ್ಕು ವರ್ಷ ಇದೆ. 35ರಲ್ಲಿ ಸಾಲ, ಮಕ್ಕಳು ಇದ್ದರೆ ಅರ್ಧ ಕೆಲಸ ಸಿಗುವ ತನಕ ಇದ್ದದ್ದನ್ನು ಬಿಡಬೇಡಿ. 50 ದಾಟಿದವರು ಸ್ವಯಂ ನಿವೃತ್ತಿಯ ದುಡ್ಡಿನ ಮೇಲೆ ಬಿಡುವುದಾದರೆ ನೋಡಬೇಕಾದದ್ದು ಆಸ್ಪತ್ರೆಯ ಅಳತೆ ಒಂದೇ, ಉಳಿದದ್ದು ಹೇಗೂ ಆಗುತ್ತದೆ.

ಪರೀಕ್ಷೆ ಮಾಡಿ ನೋಡಲು ಸಂಬಳ ಇಲ್ಲದ ರಜೆ ಕೇಳಿ. ಡಿಸೆಂಬರಿಗೆ ಕೇಳಬೇಡಿ, ಜೂನ್-ಜುಲೈಗೆ ಕೇಳಿ. ಆ ಎರಡು ತಿಂಗಳು ಕರಾವಳಿಯಲ್ಲಿ, ಬಾಡಿಗೆ ಕೋಣೆಯಲ್ಲಿ, ಒಬ್ಬರೇ ಇದ್ದು ಕೆಲಸ ಆಗುತ್ತದಾ ನೋಡಿ.

ಕೆಲಸಕ್ಕೆ ಸೇರಿ ನಾಲ್ಕೂವರೆ ವರ್ಷ ಆಗಿದ್ದರೆ ಇನ್ನಾರು ತಿಂಗಳು ತಾಳಿ. ಪರ್ಮನೆಂಟ್ ನೌಕರರಿಗೆ ಗ್ರಾಚ್ಯುಟಿಗೆ ಸಾಮಾನ್ಯವಾಗಿ 5 ವರ್ಷ ಬೇಕು, ಪಿಎಫ್ ದುಡ್ಡು ತೆಗೆದರೂ 5 ವರ್ಷದ ಸೇವೆ ಆಗಿದ್ದರೆ ಸಾಮಾನ್ಯವಾಗಿ ತೆರಿಗೆ ಇಲ್ಲ. 10 ವರ್ಷ ಹತ್ತಿರದಲ್ಲಿದ್ದರೆ ಪಿಎಫ್ ಪಿಂಚಣಿಯ ಹಕ್ಕಿಗೂ ಅದೇ ಮಾತು. ಕ್ರೆಡಿಟ್ ಕಾರ್ಡ್ ಬೇಕಿದ್ದರೆ ಸಂಬಳದ ಚೀಟಿ ಇರುವಾಗಲೇ ಮಾಡಿಸಿಕೊಳ್ಳಿ. ಬೈಕಿನ ಸಾಲ ತೀರಿಸಿಬಿಡಿ.

ಆರೋಗ್ಯ ವಿಮೆಯನ್ನು ನೋಟಿಸ್ ಕೊಡುವ ಮುಂಚೆಯೇ ಸ್ವಂತ ಹೆಸರಿಗೆ ತೆಗೆದುಕೊಳ್ಳಿ. ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಸಾಮಾನ್ಯವಾಗಿ ದುಡ್ಡು ಸಿಗುವುದಿಲ್ಲ, ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ಕಂಪನಿಯ ಗುಂಪು ವಿಮೆಯನ್ನು ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶ ಇದೆ. ಕಾದ ಅವಧಿಯೂ ಲೆಕ್ಕಕ್ಕೆ ಬರುತ್ತದೆ. ಅರ್ಜಿ ಹಾಕಬೇಕಾದದ್ದು ಕೆಲಸದಲ್ಲಿ ಇರುವಾಗಲೇ. ಎಚ್‌ಆರ್‌ನವರು ತಾವಾಗಿ ಹೇಳುವುದು ಕಡಿಮೆ, ನೀವೇ ಕೇಳಿ.